ಮುದ್ದೆ, ಅನ್ನ, ಸಾರಿನ ಊಟ: ಪ್ರೋಟೀನ್ ನಿಜಕ್ಕೂ ಇಷ್ಟು ಕಡಿಮೆಯೇ, ಆ್ಯಪ್ ಲೆಕ್ಕ ತಪ್ಪೇ?

ಕೆರೆಏರಿ (ಪ್ರಶ್ನೆ)

ವಿವರ ಮೊದಲೇ ಕೊಟ್ಟುಬಿಡ್ತೀನಿ, ಇಲ್ಲದಿದ್ದರೆ ಉತ್ತರ ಹೇಳೋರಿಗೆ ಕಷ್ಟ. ಗಂಡಸು, 34 ವರ್ಷ, 62 ಕೆ.ಜಿ. ಕೂತು ಮಾಡುವ ಕೆಲಸ. ಹಾಲು, ಮೊಸರು ಉಂಟು. ಮೊಟ್ಟೆ, ಮಾಂಸ ಇಲ್ಲ. ತೂಕ ಆರು ತಿಂಗಳಿಂದ ಅಲ್ಲಾಡಿಲ್ಲ. ಕಾಯಿಲೆ, ಮಾತ್ರೆ ಏನೂ ಇಲ್ಲ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದ ಒಂದು ದಿನದ ಊಟ ಇದು. ಎಲ್ಲವೂ ಬೇಯಿಸುವ ಮುಂಚಿನ ತೂಕ, ನನ್ನೊಬ್ಬನ ಪಾಲು, ಗ್ರಾಂನಲ್ಲಿ.

ಬೆಳಿಗ್ಗೆ ಉಪ್ಪಿಟ್ಟು: ಬನ್ಸಿ ರವೆ 70, ಎಣ್ಣೆ 12.
ಮಧ್ಯಾಹ್ನ: ಅಕ್ಕಿ 120, ತಿಳಿಸಾರಿಗೆ ತೊಗರಿಬೇಳೆ 10, ಪಲ್ಯಕ್ಕೆ ತರಕಾರಿ 100, ಎಣ್ಣೆ 8, ಕಾಯಿತುರಿ 20. ಮಜ್ಜಿಗೆಗೆ ಮೊಸರು 60.
ಸಂಜೆ: ಕಡಲೆಹಿಟ್ಟಿನ ಖಾರ 30. ಇಡೀ ದಿನದ ಕಾಫಿಗೆ ಹಾಲು 200 ಎಂ.ಎಲ್., ಸಕ್ಕರೆ 20.
ರಾತ್ರಿ: ರಾಗಿಹಿಟ್ಟು 90ರ ಒಂದು ಮುದ್ದೆ, ಸೊಪ್ಪಿನ ಸಾರಿಗೆ ಬೇಳೆ 15, ಸೊಪ್ಪು 100, ಎಣ್ಣೆ 8. ಆಮೇಲೆ ಅನ್ನಕ್ಕೆ ಅಕ್ಕಿ 50.

ಆ್ಯಪ್‌ಗೆ ಹಾಕಿದರೆ 1,060 ಕ್ಯಾಲರಿ, 32 ಗ್ರಾಂ ಪ್ರೋಟೀನ್ ಅಂತ ತೋರಿಸುತ್ತೆ. ಜಿಮ್ಮಿಗೆ ಹೋಗುವ ಗೆಳೆಯರು ‘ಅನ್ನ, ಮುದ್ದೆ ಎರಡನ್ನೂ ಬಿಟ್ಟುಬಿಡು, ಡಬ್ಬಿ ಪುಡಿ ಕುಡಿ’ ಅಂತಾರೆ. ನನ್ನ ಪ್ರಶ್ನೆ: ಪ್ರೋಟೀನ್ ಕೊರತೆ ನಿಜವೇ? ನಿಜವಾದರೆ ಇದೇ ಊಟದೊಳಗೆ ಹೇಗೆ ಸರಿಮಾಡೋದು? ರಾಗಿಯಲ್ಲಿ ಕಾರ್ಬ್ (ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟ್) ಕಡಿಮೆ ಅನ್ನೋದು ಹೌದೇ? ಎಣ್ಣೆ ಎಷ್ಟು ಹಾಕಬಹುದು?

---

ತಕ್ಕಡಿ

1,060 ಕ್ಯಾಲರಿ ತಿಂದು 62 ಕೆ.ಜಿ. ಆಳಿನ ತೂಕ ಆರು ತಿಂಗಳು ಅಲ್ಲಾಡದೆ ನಿಲ್ಲಲ್ಲ. ಊಟದ ಬಗ್ಗೆ ತಲೆಕೆಡಿಸಿಕೊಳ್ಳೋಕೆ ಮುಂಚೆ ಲೆಕ್ಕ ತಪ್ಪಿದೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ತಪ್ಪಿರೋದು ಎಲ್ಲಿ ಅಂದರೆ, ನೀವು ತೂಗಿದ್ದು ಹಸಿ ಅಕ್ಕಿ, ಆ್ಯಪ್‌ನಲ್ಲಿ ಆರಿಸಿದ್ದು ‘ಅನ್ನ’. 100 ಗ್ರಾಂ ಅಕ್ಕಿ ಬೆಂದರೆ 280ರಿಂದ 300 ಗ್ರಾಂ ಅನ್ನ, ಹೆಚ್ಚಿದ್ದೆಲ್ಲ ನೀರು. 170 ಗ್ರಾಂ ಅಕ್ಕಿಯಲ್ಲಿ 13 ಗ್ರಾಂ ಪ್ರೋಟೀನ್ ಇದೆ, 170 ಗ್ರಾಂ ಅನ್ನದಲ್ಲಿ ನಾಲ್ಕೂವರೆ. ರವೆಯ ತೂಕವನ್ನು ‘ಉಪ್ಪಿಟ್ಟು’ ಅಂತಲೂ, ಹಿಟ್ಟಿನ ತೂಕವನ್ನು ‘ಮುದ್ದೆ’ ಅಂತಲೂ ಹಾಕಿದ್ದೀರಿ. ಈ ಮೂರರಲ್ಲೇ 18 ಗ್ರಾಂ ಪ್ರೋಟೀನ್, 700 ಕ್ಯಾಲರಿ ಹಾರಿಹೋಯಿತು. ಉಳಿದದ್ದು ಎಣ್ಣೆ. ಬಹುಶಃ ಅದನ್ನು ನಮೂದಿಸಿಯೇ ಇಲ್ಲ. ಅದೊಂದೇ 250 ಕ್ಯಾಲರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಸಂಯೋಜನೆಯ ಕೋಷ್ಟಕ ಹಿಡಿದು ನಿಮ್ಮ ಪಟ್ಟಿಯನ್ನು ಮತ್ತೆ ಕೂಡಿದರೆ ಹೀಗೆ ಬರುತ್ತೆ: ಸುಮಾರು 2,020 ಕ್ಯಾಲರಿ, 50 ಗ್ರಾಂ ಪ್ರೋಟೀನ್, 61 ಗ್ರಾಂ ಕೊಬ್ಬು, 310ರ ಆಸುಪಾಸು ಕಾರ್ಬ್. ಶಕ್ತಿಯ ಪಾಲು ನೋಡಿದರೆ ಕಾರ್ಬ್ 62-63%, ಕೊಬ್ಬು 27%, ಪ್ರೋಟೀನ್ 10%. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಮಧುಮೇಹ ಸಮೀಕ್ಷೆಯ ಆಹಾರದ ಲೆಕ್ಕ 2025ರಲ್ಲಿ ಬಂತಲ್ಲ, ಅದರಲ್ಲಿ ಕಾರ್ಬಿನ ದೇಶದ ಸರಾಸರಿಯೂ 62%. ನಿಮ್ಮ ತಟ್ಟೆ ದೇಶದ ತಟ್ಟೆಯೇ.

ಈಗ ಕೊರತೆಯ ಮಾತು. 2020ರ ಐಸಿಎಂಆರ್ ಶಿಫಾರಸು ಒಳ್ಳೆಯ ಗುಣಮಟ್ಟದ ಪ್ರೋಟೀನಾದರೆ ಕೆ.ಜಿ. ತೂಕಕ್ಕೆ 0.83 ಗ್ರಾಂ. ನಿಮಗೆ 51 ಆಯಿತು. ಹಾಗೆ ನೋಡಿದರೆ ಕೊರತೆ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ನಿಮ್ಮ 50ರಲ್ಲಿ 28 ಗ್ರಾಂ ಬಂದಿರೋದು ಅಕ್ಕಿ, ರಾಗಿ, ರವೆಯಿಂದ. ಬೇಳೆಯದು ಐದೂವರೆ, ಹಾಲು ಮೊಸರಿನದು ಎಂಟೂವರೆ, ಉಳಿದದ್ದು ಖಾರ, ತರಕಾರಿ, ಕಾಯಿ. ಹೀಗೆ ಏಕದಳ ಧಾನ್ಯವೇ ಮುಖ್ಯವಾದ ಊಟಕ್ಕೆ ಕೆ.ಜಿ.ಗೆ 1 ಗ್ರಾಂ ಇಟ್ಟುಕೊಳ್ಳಿ ಅನ್ನುತ್ತೆ ಅದೇ ವರದಿ. ನಿಮ್ಮ ಗುರಿ 62. ಕೊರತೆ 12 ಗ್ರಾಂ. ಡಬ್ಬಿ ಪುಡಿಗೆ ಹೋಗಬೇಕಾದ ಕೊರತೆ ಇದಲ್ಲ.

ಗುರಿ 51ರಿಂದ 62ಕ್ಕೆ ಏರಲು ಕಾರಣ ಲೈಸೀನ್. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳಲ್ಲಿ (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳು) ಅದೂ ಒಂದು. 100 ಗ್ರಾಂ ಪ್ರೋಟೀನಿನಲ್ಲಿ 4.5 ಗ್ರಾಂ ಲೈಸೀನ್ ಬೇಕು, ಅಕ್ಕಿಯದರಲ್ಲಿ 3.7ರ ಹತ್ತಿರ, ರಾಗಿಯದರಲ್ಲಿ ಇನ್ನೂ ಕಡಿಮೆ. ತೊಗರಿ, ಹುರುಳಿ, ಹೆಸರಿನಲ್ಲಿ ಆರಕ್ಕಿಂತ ಮೇಲೆ. ಕಾಳಿನಲ್ಲಿ ಕೊರತೆಯಾಗೋದು ಮೆಥಿಯೋನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ, ರಾಗಿಯಲ್ಲಿ ಅದು ಧಾರಾಳ. ಇವೆರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕಾಗಿಲ್ಲ, ಒಂದೇ ದಿನದಲ್ಲಿ ಹೊಟ್ಟೆಗೆ ಸೇರಿದರೆ ಸಾಕು.

ಧಾನ್ಯ ಮತ್ತು ಬೇಳೆಕಾಳಿನ ಅನುಪಾತ 3ಕ್ಕೆ 1 ಇರಬೇಕು. ನಿಮ್ಮದು, ಖಾರದ ಕಡಲೆಹಿಟ್ಟು ಬಿಟ್ಟು, 330ಕ್ಕೆ 25. ಅಂದರೆ 13ಕ್ಕೆ 1. ಪ್ರೋಟೀನಿನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ನಿಜವಾಗಿ ತಪ್ಪಿರೋದು ಈ ಒಂದು ಅಂಕಿ.

---

ಕೆರೆಏರಿ

ಹೌದು, ಆರಿಸಿದ್ದು ‘ಅನ್ನ, ಬೇಯಿಸಿದ್ದು’ ಅಂತಲೇ. ಎಣ್ಣೆ ಹಾಕಿರಲಿಲ್ಲ. ಹಾಗಾದರೆ ಬೇಳೆ ಎಷ್ಟು ಹೆಚ್ಚಿಸಲಿ? ತಿಳಿಸಾರಿಗೆ ಬೇಳೆ ಜಾಸ್ತಿ ಹಾಕಿದರೆ ಅದು ತಿಳಿಸಾರೇ ಅಲ್ಲ ಅಂತಾರೆ ಮನೆಯಲ್ಲಿ.

---

ಬಸ್ಸಾರು

ಮನೆಯವರು ಹೇಳಿದ್ದು ಸರಿ. ತಿಳಿಸಾರನ್ನು ಕೆಡಿಸಬೇಡಿ, ಅದನ್ನು ವಾರಕ್ಕೆರಡು ದಿನಕ್ಕೆ ಇಡಿ. ಉಳಿದ ದಿನ ಹುಳಿ, ತೊವ್ವೆ, ಮಸ್ಸೊಪ್ಪು, ಬಸ್ಸಾರು. ನಾಲ್ಕು ಜನರ ತಿಳಿಸಾರಿಗೆ ಒಂದು ಹಿಡಿ ಬೇಳೆ ಹಾಕ್ತಾರೆ, ಅಂದರೆ 40 ಗ್ರಾಂ ಆಸುಪಾಸು, ತಲೆಗೆ 10. ಸೌಟಿನಲ್ಲಿ ಮೇಲಿನ ತಿಳಿಯನ್ನಷ್ಟೇ ಎತ್ತಿ ಬಡಿಸಿಕೊಂಡರೆ ಅದೂ ಇಲ್ಲ. ಹುಳಿಗೆ ನಾಲ್ವರಿಗೆ 120 ಗ್ರಾಂ ಇಟ್ಟುಕೊಳ್ಳಿ.

ನಿಮ್ಮ ಪಟ್ಟಿಯನ್ನೇ ಹಿಡಿದು ಬದಲಾವಣೆ ಹೇಳ್ತೀನಿ. ಅಕ್ಕಿ ಮಧ್ಯಾಹ್ನ 120 ಇದ್ದದ್ದು 80, ರಾತ್ರಿ 50 ಇದ್ದದ್ದು 30. ತೊಗರಿಬೇಳೆ ಮಧ್ಯಾಹ್ನ 30, ರಾತ್ರಿ 25. ಜೊತೆಗೆ ದಿನಕ್ಕೊಮ್ಮೆ 30 ಗ್ರಾಂ ಒಣ ಕಾಳು: ಹುರುಳಿ, ಹೆಸರು, ಅಲಸಂದೆ, ಅವರೆ, ಯಾವುದಾದರೂ ಸರಿ, ಪಲ್ಯವೋ ಉಸಲಿಯೋ. ಮೊಸರು 60ರಿಂದ 150ಕ್ಕೆ. ಸಂಜೆಯ ಖಾರದ ಜಾಗದಲ್ಲಿ ಹುರಿದ ಕಡಲೇಕಾಯಿ ಬೀಜ 25. ಕಾಫಿಯ ಸಕ್ಕರೆ ಅರ್ಧ. ಮುದ್ದೆ, ಉಪ್ಪಿಟ್ಟು ಇದ್ದ ಹಾಗೇ ಇರಲಿ.

ಕೂಡಿದರೆ 64 ಗ್ರಾಂ ಪ್ರೋಟೀನ್, ಕ್ಯಾಲರಿ ಅದೇ ಎರಡು ಸಾವಿರ. ಕಾರ್ಬ್ 56%ಕ್ಕೆ ಇಳಿಯುತ್ತೆ, ಪ್ರೋಟೀನ್ 13%ಕ್ಕೆ ಏರುತ್ತೆ. ಧಾನ್ಯ 270, ಬೇಳೆಕಾಳು 85. ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಎರಡು ಸಾವಿರ ಕ್ಯಾಲರಿ ತಟ್ಟೆಯಲ್ಲಿ ಧಾನ್ಯ 250, ಬೇಳೆಕಾಳು 85, ಹಾಲು ಮೊಸರು 300 ಎಂ.ಎಲ್., ತರಕಾರಿ ಸೊಪ್ಪು 400, ಹಣ್ಣು 100, ಬೀಜಗಳು 35, ಎಣ್ಣೆ 27 ಅಂತಿದೆ. ಬೇಳೆಯಲ್ಲಿ ಹೊಂದಿಹೋದಿರಿ. ತರಕಾರಿ ಇನ್ನೂ ಅರ್ಧದಷ್ಟೇ ಇದೆ, ಹಣ್ಣು ಪಟ್ಟಿಯಲ್ಲೇ ಇಲ್ಲ. ಅದನ್ನೂ ನೋಡಿ.

ಎಡವೋದು ಎಲ್ಲಿ? ಬಸ್ಸಾರಿನಲ್ಲಿ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ಸತ್ವವೆಲ್ಲ ಇಳಿದಿದೆ ಅಂದ್ಕೊಂಡು, ಕಟ್ಟಿನ ಸಾರನ್ನು ಧಾರಾಳವಾಗಿ ಹಾಕಿಕೊಂಡು ಪಲ್ಯವನ್ನು ಒಂದು ಚಮಚಕ್ಕೆ ನಿಲ್ಲಿಸ್ತಾರೆ. ಕಟ್ಟಿಗೆ ಇಳಿಯೋದು ಒಂದಿಷ್ಟು ಖನಿಜ, ಕರಗುವ ಪಿಷ್ಟ, ಅಲ್ಪಸ್ವಲ್ಪ ಪ್ರೋಟೀನ್. ಬಹುಪಾಲು ಪ್ರೋಟೀನ್ ಬಸಿದ ಕಾಳಿನಲ್ಲೇ ಉಳಿಯುತ್ತೆ. ಹುರುಳಿಕಟ್ಟು ನಮಗೆ, ಬೆಂದ ಹುರುಳಿ ದನಕ್ಕೆ ಅನ್ನೋ ಪದ್ಧತಿ ಹಳ್ಳಿ ಕಡೆ ಇದೆ. ಲಾಭ ಪೂರ್ತಿ ದನದ್ದು.

ಇನ್ನೊಂದು, ಬೇಳೆ ಹೆಚ್ಚಿಸಿದಾಗ ಬೇಯಲಿಲ್ಲ ಅಂತ ದೂರು ಬರುತ್ತೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಬೇಳೆಯ ಜೀವಕೋಶಗಳ ಗೋಡೆ ಮೆತ್ತಗಾಗಲು ಬಿಡಲ್ಲ. ಫಿಲ್ಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬೇಯಿಸಿ. ಬೇಳೆ ಪೂರ್ತಿ ಬೇಯುವವರೆಗೂ ಹುಣಸೆರಸ, ಟೊಮೆಟೊ ಸೇರಿಸಬೇಡಿ, ಹುಳಿ ಬಿದ್ದರೆ ಬೇಳೆ ಗಟ್ಟಿಯಾಗಿಯೇ ನಿಲ್ಲುತ್ತೆ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತೆ, ಆದರೆ ಬಿ1 ವಿಟಮಿನ್ ಹಾಳು. ಬೇಳೆ ಮೂರು ಪಟ್ಟಾದಾಗ ಹುಣಸೆ, ಉಪ್ಪು, ಹುಳಿಪುಡಿಯನ್ನೂ ಮೂರು ಪಟ್ಟು ಮಾಡಬೇಡಿ, ಕಾಲುಭಾಗ ಹೆಚ್ಚಿಸಿದರೆ ರುಚಿ ನಿಲ್ಲುತ್ತೆ.

---

ಗೋದಾಮು

ಅನ್ನ, ಮುದ್ದೆ ಎರಡನ್ನೂ ಬಿಡು ಅಂದ ಗೆಳೆಯರ ಮಾತಿಗೆ ಬರ್ತೀನಿ. ಅವರು ಸುಳ್ಳು ಹೇಳ್ತಿಲ್ಲ, ಬಿಟ್ಟ ಮೊದಲ ವಾರ ತೂಕ ಇಳಿಯುತ್ತೆ. ಏನು ಇಳಿಯಿತು ಅನ್ನೋದನ್ನು ಮಾತ್ರ ತಪ್ಪಾಗಿ ತಿಳಿದಿದ್ದಾರೆ.

ತಿಂದ ಕಾರ್ಬಿನ ಒಂದು ಪಾಲನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುತ್ತೆ: ಯಕೃತ್ತಿನಲ್ಲಿ 100 ಗ್ರಾಂ ಹತ್ತಿರ, ಸ್ನಾಯುಗಳಲ್ಲಿ 400 ಗ್ರಾಂ ಹತ್ತಿರ. ಒಂದೊಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಜೊತೆಗಿಟ್ಟುಕೊಂಡಿರುತ್ತೆ. ಅನ್ನ ನಿಲ್ಲಿಸಿದ ಎರಡು ಮೂರು ದಿನಕ್ಕೆ ಈ ಗೋದಾಮು ಖಾಲಿಯಾಗುತ್ತಾ ಬರುತ್ತೆ, ನೀರು ಮೂತ್ರದಲ್ಲಿ ಹೋಗುತ್ತೆ, ತಕ್ಕಡಿ ಒಂದೂವರೆ ಎರಡು ಕೆ.ಜಿ. ಕಡಿಮೆ ತೋರಿಸುತ್ತೆ. ಹಬ್ಬದ ದಿನ ಚಿತ್ರಾನ್ನ, ಹೋಳಿಗೆ ತಿಂದ ಮರುದಿನ ಅಷ್ಟೂ ವಾಪಸ್. ಕೊಬ್ಬು ಅಷ್ಟು ಬೇಗ ಬರೋದೂ ಇಲ್ಲ, ಹೋಗೋದೂ ಇಲ್ಲ. ಒಂದು ಕೆ.ಜಿ. ಮೈಕೊಬ್ಬು ಕರಗಬೇಕಾದರೆ ಏಳು ಸಾವಿರ ಚಿಲ್ಲರೆ ಕ್ಯಾಲರಿ ಕೊರತೆ ಬೇಕು.

ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತೆ. ಕಾರ್ಬ್ ಇಲ್ಲದಿದ್ದರೆ ಸಾಯಲ್ಲ, ಯಕೃತ್ತು ಅಮೈನೋ ಆಮ್ಲದಿಂದ ಗ್ಲೂಕೋಸ್ ತಯಾರಿಸುತ್ತೆ, ಕೊಬ್ಬಿನಿಂದ ಕೀಟೋನ್ ಅನ್ನೋ ಬದಲಿ ಇಂಧನ ತಯಾರಿಸುತ್ತೆ. ಆದರೆ ಪ್ರೋಟೀನ್ ಸಾಲದೆ ಕೂತಿರುವ ಸಸ್ಯಾಹಾರಿ ಕಾರ್ಬನ್ನೂ ಕಿತ್ತುಹಾಕಿದರೆ, ಸ್ನಾಯು ಕಟ್ಟಬೇಕಾದ ಪ್ರೋಟೀನೇ ಉರುವಲಾಗುತ್ತೆ. ಶಿಫಾರಸಿನ ಕನಿಷ್ಠ ದಿನಕ್ಕೆ 130 ಗ್ರಾಂ ಕಾರ್ಬ್. ನಿಮ್ಮ ಬದಲಾದ ಪಟ್ಟಿಯಲ್ಲಿ 280 ಇದೆ. ತೂಕ ಇಳಿಸಬೇಕಿದ್ದರೆ ಇಲ್ಲಿಂದ ಇನ್ನೊಂದಿಷ್ಟು ಕಡಿಮೆ ಮಾಡಲು ಜಾಗ ಇದೆ. ಸೊನ್ನೆ ಮಾಡುವ ಅಗತ್ಯ ಇಲ್ಲ.

ಇನ್ನು ರಾಗಿ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬ್ 78, ರಾಗಿಯಲ್ಲಿ 67. ಪ್ರೋಟೀನ್ ಅಕ್ಕಿಯಲ್ಲಿ 7.9, ರಾಗಿಯಲ್ಲಿ 7.2. ‘ರಾಗಿಯಲ್ಲಿ ಪ್ರೋಟೀನ್ ಜಾಸ್ತಿ’ ಅನ್ನೋ ಮಾತಿಗೆ ಇಲ್ಲಿ ಆಧಾರವೇ ಇಲ್ಲ. ರಾಗಿ ಗೆಲ್ಲೋದು ಬೇರೆ ಕಡೆ: 100 ಗ್ರಾಂನಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರೂ ಇಲ್ಲ, ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತರ ಸುತ್ತಮುತ್ತ. ದಿನಕ್ಕೆ 30 ಗ್ರಾಂ ನಾರು ಬೇಕಲ್ಲ, ಒಂದು ಮುದ್ದೆಯಲ್ಲೇ ಹತ್ತು ಬಂತು.

---

ಹೊಲದಬದು

ರಾಗಿ ತಿಂದರೆ ಶುಗರ್ ಏರಲ್ಲ, ಅದಕ್ಕೇ ಸಕ್ಕರೆ ಕಾಯಿಲೆಯವರಿಗೆ ಡಾಕ್ಟರುಗಳು ಮುದ್ದೆ ಹೇಳೋದು. ನೀವು ರಾಗಿಯನ್ನು ಅಕ್ಕಿಯ ಸಮ ಮಾಡಿಬಿಟ್ಟಿರಲ್ಲ ಸಾರ್.

---

ಗೋದಾಮು

ಸಮ ಅಂದಿಲ್ಲ ಅಣ್ಣ. 90 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 60 ಗ್ರಾಂ ಕಾರ್ಬ್ ಇದೆ. ಅದು ರಕ್ತಕ್ಕೆ ಸಕ್ಕರೆಯಾಗಿಯೇ ಹೋಗಬೇಕು, ಬೇರೆ ದಾರಿ ಇಲ್ಲ. ಎಷ್ಟು ವೇಗವಾಗಿ ಅನ್ನೋದು ಹಿಟ್ಟು ಎಷ್ಟು ನುಣ್ಣಗಿದೆ, ನೀರು ಎಷ್ಟಿದೆ, ಜೊತೆಗೆ ಏನಿದೆ ಅನ್ನೋದರ ಮೇಲೆ. ಅದೇ ರಾಗಿಯನ್ನು ಮೊಳಕೆ ಕಟ್ಟಿ, ಹುರಿದು, ನುಣ್ಣಗೆ ಬೀಸಿ, ಬೆಲ್ಲ ಹಾಕಿ ಗಂಜಿ ಕಾಯಿಸಿ ಕುಡಿದರೆ ಬೇಗ ಏರುತ್ತೆ. ಮೊಳಕೆಯಲ್ಲಿ ಪಿಷ್ಟ ಒಂದಿಷ್ಟು ಒಡೆದೇ ಹೋಗಿರುತ್ತೆ, ಗಂಜಿಯಲ್ಲಿ ಅಗಿಯೋ ಕೆಲಸವೂ ಇಲ್ಲ. ಜರಡಿ ಹಿಡಿದು ಹೊಟ್ಟು ತೆಗೆದ ಹಿಟ್ಟಾದರೆ ನಾರೂ ಹೋಯಿತು. ಗಟ್ಟಿ ಮುದ್ದೆ, ಜೊತೆಗೆ ಕಾಳಿನ ಪಲ್ಯ, ಸೊಪ್ಪು ಇದ್ದರೆ ನಿಧಾನ. ಎರಡು ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ಅಂದರೆ ಯಾವ ಧಾನ್ಯವೂ ಕಾಪಾಡಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಎಚ್ಚರಿಕೆ: ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ಇದ್ದರೆ, ಈ ಪಟ್ಟಿ ನೋಡಿ ನಾಳೆಯಿಂದಲೇ ಅನ್ನ ಕಡಿಮೆ ಮಾಡಬೇಡಿ. ಔಷಧಿಯ ಪ್ರಮಾಣ ಅದೇ ಇದ್ದು ಕಾರ್ಬ್ ಮಾತ್ರ ಇಳಿದರೆ ರಕ್ತದ ಸಕ್ಕರೆ 70ರ ಕೆಳಗೆ ಬೀಳಬಹುದು, ಬೆವರು, ನಡುಕ, ತಲೆಸುತ್ತು. ಮೊದಲು ವೈದ್ಯರ ಹತ್ತಿರ ಡೋಸ್ ಸರಿಮಾಡಿಸಿಕೊಳ್ಳಿ.

---

ಅಗಸಿಹಿಂಡಿ

ಎಣ್ಣೀ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾ ಹೇಳ್ತೀನಿ.

ಒಬ್ಬರಿಗೆ ದಿನಕ್ಕ ಮಾರ್ಗಸೂಚಿ ಹೇಳಿದ 27 ಗ್ರಾಂ ಎಣ್ಣಿ ಅಂದ್ರ 30 ಎಂ.ಎಲ್., ದೊಡ್ಡ ಚಮಚೀಲೆ ಎರಡು. ಒಗ್ಗರಣಿ ಹಾಕೋ ಮುಂದ ಯಾರೂ ಚಮಚಾ ಹಿಡಿಯೂದಿಲ್ಲ, ಅದಕ್ಕ ತಿಂಗಳ ಲೆಕ್ಕ ಇಟ್ಟುಕೊಳ್ರಿ. ನಾಲ್ಕು ಮಂದಿ ಮನಿಗೆ ತಿಂಗಳಿಗೆ ಮೂರೂವರಿ ಲೀಟರ್. ಐದಾರು ಪಾಕೀಟು ಖಾಲಿ ಆಗ್ತಿದ್ರ ಹೆಚ್ಚಾಗೇತಿ ಅಂತ ತಿಳೀರಿ. ತುಪ್ಪಾನೂ ಇದರಾಗ ಬಂತು. ಪ್ರಶ್ನೆ ಕೇಳಿದವರದು 28 ಗ್ರಾಂ, ಅದು ಬರೋಬ್ಬರಿ ಐತಿ.

ಕೊಬ್ಬು ಬರೇ ಕ್ಯಾಲರಿ ಅಲ್ಲ. ಎ, ಡಿ, ಇ, ಕೆ ವಿಟಮಿನ್ ಕರಗೂದು ಕೊಬ್ಬಿನಾಗ. ಎಣ್ಣಿ ಇಲ್ಲದ ಬೇಯಿಸಿದ ಸೊಪ್ಪಿನ ಕ್ಯಾರೋಟಿನ್ ಹೊಟ್ಟಿಗೆ ಹತ್ತೂದು ಕಡಿಮಿ. ಹಾಂಗ ಲಿನೋಲೆಯಿಕ್, ಆಲ್ಫಾ ಲಿನೋಲೆನಿಕ್ ಅಂತ ಎರಡು ಕೊಬ್ಬಿನಾಮ್ಲ ದೇಹಕ್ಕ ತಯಾರಿಸಾಕ ಬರೂದಿಲ್ಲ, ಊಟದಾಗೇ ಬರಬೇಕು. ಮೊದಲನೇದು ಸೂರ್ಯಕಾಂತಿ, ಕುಸುಬಿ, ಶೇಂಗಾ ಎಣ್ಣಿಯೊಳಗ ಬೇಕಾದಷ್ಟು. ಎರಡನೇದು ಅವುಗಳಾಗ ಹೆಚ್ಚುಕಡಿಮಿ ಇಲ್ಲ. ಸಾಸಿವಿ ಎಣ್ಣಿ, ಸೋಯಾ ಎಣ್ಣಿಯೊಳಗ ಐತಿ, ಆದ್ರ ನಮ್ಮ ಕಡೆ ಅವನ್ನ ಬಳಸೋರು ಕಡಿಮಿ. ಅಗಸಿಯೊಳಗ ಭಾಳ. ಹತ್ತು ಗ್ರಾಂ ಅಗಸಿ ಹಿಂಡಿಯೊಳಗ ಎರಡು ಗ್ರಾಂ ಹತ್ರ ಸಿಗ್ತದ, ದಿನಕ್ಕ ಅಷ್ಟು ಸಾಕು. ಇಡೀ ಕಾಳು ನುಂಗಿದ್ರ ಹಾಂಗ ಹೊರಗ ಹೋಗ್ತದ, ಕುಟ್ಟಬೇಕು. ಸಣ್ಣ ಉರಿಯೊಳಗ ಚಟಪಟ ಅನ್ನೋತನಕ ಹುರಿದು, ಆರಿಸಿ, ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಕುಟ್ಟರಿ. ತಿಂಗಳಗಟ್ಟಲೆ ಇಡಬ್ಯಾಡ್ರಿ, ಕುಟ್ಟಿದ ಮ್ಯಾಲೆ ಕಮಟು ವಾಸನಿ ಬರ್ತದ. ಹತ್ತು ಹದಿನೈದು ದಿನಕ್ಕಾಗೋವಷ್ಟ ಮಾಡ್ರಿ.

ಸ್ಯಾಚುರೇಟೆಡ್ ಕೊಬ್ಬು (ತಂಪಿನಾಗ ಗಟ್ಟಿಯಾಗೋ ಥರದ್ದು) ಒಟ್ಟು ಕ್ಯಾಲರಿಯ 10% ಒಳಗ ಇರಲಿ. ಎರಡು ಸಾವಿರಕ್ಕ 22 ಗ್ರಾಂ. ಕೊಬ್ಬರಿ ಎಣ್ಣಿ ನೂರಕ್ಕ ತೊಂಬತ್ತು ಅದೇ, ತುಪ್ಪ ಅರವತ್ತರ ಮ್ಯಾಲೆ, ತಾಳೆಎಣ್ಣಿ ಐವತ್ತು ಹತ್ರ. ಬೇಕರಿ ಖಾರಿ, ಬಿಸ್ಕೀಟಿನ ಹಿಂದ ‘ತಾಳೆಎಣ್ಣೆ’ ಅಂತ ಸಣ್ಣಕ್ಷರದಾಗ ಬರದಿರ್ತಾರ, ಅದನ್ನ ಓದ್ರಿ. ವನಸ್ಪತಿಯೊಳಗಿನ ಟ್ರಾನ್ಸ್ ಕೊಬ್ಬಿಗೆ (ಎಣ್ಣೀನ ಗಟ್ಟಿ ಮಾಡೋ ಮುಂದ ಹುಟ್ಟೋದು) 2022ರಿಂದ 2% ಮಿತಿ ಐತಿ. ಆದ್ರ ಕರಿದ ಎಣ್ಣೀನ ಮತ್ತ ಮತ್ತ ಕಾಸೋ ಮಿರ್ಚಿ ಬಂಡಿಗೆ ಲೇಬಲ್ ಎಲ್ಲಿಂದ ಬರಬೇಕು?

ಹಾಂ, ಜ್ವಾಳದ ರೊಟ್ಟಿ ಮಂದಿ ಬೀಗೋದು ಬ್ಯಾಡ. ಜ್ವಾಳದಾಗ ಪ್ರೋಟೀನ್ ನೂರಕ್ಕ ಹತ್ತು, ಅಕ್ಕಿಗಿಂತ ಚಲೋ, ಲೈಸೀನ್ ಮಾತ್ರ ಅದರಾಗೂ ಕಡಿಮಿ. ಝುಣಕ, ಮಡಿಕಿಕಾಳ ಪಲ್ಯ, ಶೇಂಗಾ ಹಿಂಡಿ ಇದ್ರನ ಆ ತಾಟು ತುಂಬೂದು.

---

ಬೊಳಂತೆ

ಕರಾವಳಿಯವರ ತಟ್ಟೆಗೂ ಎರಡು ಮಾತು. ನಾಲ್ವರ ಗಸಿಗೆ ಅರ್ಧ ತೆಂಗಿನಕಾಯಿ ಅರೆದರೆ ತಲೆಗೆ 13 ಗ್ರಾಂ ಕೊಬ್ಬು ಅಲ್ಲೇ ಬಂತು. ಅಂಥ ದಿನ ಬೇರೆ ಒಗ್ಗರಣೆಗೆ ಒಂದು ಚಿಕ್ಕ ಚಮಚ ಸಾಕು. ಮೀನು ತಿನ್ನುವವರಿಗೆ ಪ್ರೋಟೀನಿನ ಚಿಂತೆ ಕಡಿಮೆ, ತಿನ್ನುವ ಭಾಗ 80 ಗ್ರಾಂ ಇರುವ ಬಂಗುಡೆಯಲ್ಲಿ 16 ಗ್ರಾಂ ಇದೆ, ಒಮೆಗಾ 3 ಬೇರೆ. ರವೆ ಹಚ್ಚಿ ಕರಿದರೆ ಎಣ್ಣೆ ಕುಡಿಯುತ್ತದೆ. ಪುಳಿಮುಂಚಿ (ಹುಳಿ, ಖಾರದ ಸಾರು) ಮಾಡಿದರೆ ಆ ತೊಂದರೆ ಇಲ್ಲ.

ನನ್ನದೊಂದು ಪ್ರಶ್ನೆ: 66 ವರ್ಷದ, 55 ಕೆ.ಜಿ. ತೂಕದ ಸಸ್ಯಾಹಾರಿ ಹೆಂಗಸು, ರಾತ್ರಿ ಬರೀ ಗಂಜಿ ಉಪ್ಪಿನಕಾಯಿ ಉಣ್ಣುವವರು. ಅವರಿಗೂ ಕೆ.ಜಿ.ಗೆ ಒಂದೇ ಗ್ರಾಂ ಸಾಕೇ?

---

ತಕ್ಕಡಿ

ಸಾಲದು ಮೇಡಂ. ವಯಸ್ಸಾದಂತೆ ಅದೇ ಪ್ರೋಟೀನಿಗೆ ಸ್ನಾಯು ಮೊದಲಿನಷ್ಟು ಓಗೊಡಲ್ಲ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಇಟ್ಟುಕೊಳ್ಳೋದು ರೂಢಿ: ಅವರಿಗೆ 55ರಿಂದ 66. ಹಸಿವು ಕಡಿಮೆಯಾಗಿರುವ ಹೊತ್ತಿನಲ್ಲೇ ಬೇಕಾದದ್ದು ಹೆಚ್ಚುತ್ತೆ, ಕಷ್ಟ ಅದೇ.

ಒಟ್ಟು ಎಷ್ಟು ಅನ್ನೋದರ ಜೊತೆಗೆ ಹಂಚಿಕೆಯೂ ನೋಡಬೇಕು. 40 ಗ್ರಾಂ ಅಕ್ಕಿಯ ಗಂಜಿ, ಉಪ್ಪಿನಕಾಯಿ ಅಂದರೆ 3 ಗ್ರಾಂ ಪ್ರೋಟೀನ್. ಮಧ್ಯಾಹ್ನದ ಊಟದಿಂದ ಮರುದಿನ ಬೆಳಗಿನವರೆಗೆ 18 ಗಂಟೆ ಹೆಚ್ಚುಕಡಿಮೆ ಏನೂ ಇಲ್ಲದ ಹಾಗೆ. ಗಂಜಿ ಬಿಡಿಸಲು ಹೋಗಬೇಡಿ, ಬಿಡಲ್ಲ. ಅದೇ ಗಂಜಿಯನ್ನು ಅಕ್ಕಿ 30, ಹೆಸರುಬೇಳೆ 30 ಹಾಕಿ ಬೇಯಿಸಿ. ಜೊತೆಗೆ ಒಂದು ಬಟ್ಟಲು ಮೊಸರು, 150 ಗ್ರಾಂ. 14 ಗ್ರಾಂ ಆಯಿತು. ಮಲಗುವ ಮುಂಚೆ ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಕಲಸಿ, ಇನ್ನೊಂದು ಹನ್ನೊಂದು ಹನ್ನೆರಡು ಗ್ರಾಂ. ಹಲ್ಲಿನ ತೊಂದರೆ ಇದ್ದರೆ ಕಾಳಿಗಿಂತ ಬೇಳೆ, ಪನೀರಿಗಿಂತ ಮೊಸರು. ಜೊತೆಗೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದನ್ನು ದಿನಕ್ಕೆರಡು ಹೊತ್ತು ಮಾಡಿಸಿ. ಸ್ನಾಯುವಿಗೆ ಕೆಲಸವೇ ಇಲ್ಲದಿದ್ದರೆ ತಿಂದ ಪ್ರೋಟೀನ್ ಅಲ್ಲಿಗೆ ಹೋಗಲ್ಲ.

ಮುಖ್ಯವಾದದ್ದು: ಇದನ್ನು ಶುರುಮಾಡುವ ಮುಂಚೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಪರೀಕ್ಷೆ) ಒಮ್ಮೆ ನೋಡಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಪ್ರೋಟೀನನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ, ಅವರಿಗೆ ಈ ಲೆಕ್ಕ ಯಾವುದೂ ಹೊಂದಲ್ಲ.

---

ಕೆರೆಏರಿ

ಆ್ಯಪ್ ಸರಿಮಾಡಿದೆ, 2,015 ಬಂತು. ಎರಡು ಸಣ್ಣ ಅನುಮಾನ. ಪ್ಯಾಕೆಟ್ಟಿನ ಹಿಂದೆ ಇರುವ ಪ್ರೋಟೀನ್, ಕಾರ್ಬ್, ಕೊಬ್ಬನ್ನು 4, 4, 9ರಿಂದ ಗುಣಿಸಿ ಕೂಡಿದರೆ ಅಲ್ಲಿ ಬರೆದ ಕ್ಯಾಲರಿಗೆ ತಾಳೆಯಾಗಲ್ಲ, ಯಾಕೆ? ಮತ್ತೆ, ಹುರುಳಿ ಪಲ್ಯ ಮೂರು ದಿನ ತಿಂದೆ, ಹೊಟ್ಟೆಯುಬ್ಬರ ಜೋರಾಗಿದೆ.

---

ತಕ್ಕಡಿ

4, 4, 9 ಅನ್ನೋದು ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್‌ವಾಟರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸದಿಂದ ಬಂದ, ಸುತ್ತುಗೊಳಿಸಿದ ಸಂಖ್ಯೆ. ನಾರನ್ನೂ ಕಾರ್ಬಿನಲ್ಲೇ ಸೇರಿಸಿ ಬರೆದಿದ್ದರೆ ಅದಕ್ಕೆ 4 ಅಲ್ಲ, 2 ಹಿಡಿಯಬೇಕು. ಪ್ರೋಟೀನನ್ನೂ ನೇರವಾಗಿ ಅಳೆಯಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸ್ತಾರೆ, ಅಕ್ಕಿಗೆ 5.95, ಹಾಲಿಗೆ 6.38 ಬಳಸೋರೂ ಇದ್ದಾರೆ. ಹಾಗಾಗಿ ಎರಡು ಕೋಷ್ಟಕಗಳು ಒಂದೇ ಅಂಕಿ ಹೇಳಲ್ಲ. ನೂರಕ್ಕೆ ಐದರಷ್ಟು ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಲೇಬಲ್ಲಿನಲ್ಲಿ ನೋಡಬೇಕಾದ್ದು ‘100 ಗ್ರಾಂಗೆ’ ಅನ್ನೋ ಕಾಲಂ ಮತ್ತು ‘ಸೇರಿಸಿದ ಸಕ್ಕರೆ’. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು ‘ಒಂದು ಲೋಟಕ್ಕೆ’ ಅಂತ ತೋರಿಸುವ ಪ್ರೋಟೀನಿನಲ್ಲಿ ಹಾಲಿನದ್ದೂ ಸೇರಿದೆಯೇ ಅಂತ ಒಮ್ಮೆ ಓದಿ.

---

ಬಸ್ಸಾರು

ಹೊಟ್ಟೆಯುಬ್ಬರಕ್ಕೆ ಕಾರಣ ಕಾಳಿನ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನೋ ಸಕ್ಕರೆಗಳು. ಅವನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯ ಒಡೆದಾಗ ಗ್ಯಾಸ್. ನೀವು ಸೊನ್ನೆಯಿಂದ ಒಮ್ಮೆಲೇ 30 ಗ್ರಾಂಗೆ ಹಾರಿದ್ದೀರಿ. ಈ ವಾರ 10 ಗ್ರಾಂ, ಮುಂದಿನ ವಾರ 20, ಆಮೇಲೆ 30.

ಹುರುಳಿಯನ್ನು 10-12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಆ ನೀರನ್ನು ಚೆಲ್ಲಿ, ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಿ. ಮೊಳಕೆ ಒಡೆಯುವಾಗ ಆ ಸಕ್ಕರೆಯ ದೊಡ್ಡ ಪಾಲನ್ನು ಕಾಳು ತಾನೇ ಬಳಸಿಕೊಳ್ಳುತ್ತೆ. ಸೆಖೆಗಾಲದಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ಲೋಳೆಯಾಗುತ್ತೆ, ವಾಸನೆ ಬಂದದ್ದನ್ನು ತೊಳೆದು ಬಳಸಲು ಹೋಗಬೇಡಿ, ಎಸೆಯಿರಿ. ಆಮೇಲೆ ಕುಕ್ಕರಿನಲ್ಲಿ ನಾಲ್ಕೈದು ಸೀಟಿ. ಹಸಿ ಮೊಳಕೆ ಹುರುಳಿ, ಅವರೆ ತಿನ್ನಬೇಡಿ. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳು ಅವುಗಳಲ್ಲಿವೆ, ಬೆಂದರೆ ಮಾತ್ರ ಹೋಗೋದು. ಕೋಸಂಬರಿಗೆ ನೆನೆಸಿದ ಹೆಸರುಬೇಳೆ ಒಂದು ಹಿಡಿ ಪರವಾಗಿಲ್ಲ. ಉಬ್ಬರ ಇಳಿಯೋವರೆಗೆ ಹುರುಳಿ ಬಿಟ್ಟು ಹೆಸರುಕಾಳು ತೊಗೊಳ್ಳಿ, ಅದು ಹೊಟ್ಟೆಗೆ ಹಗುರ.

ಇನ್ನೊಂದು, ಮೊಳಕೆಯನ್ನು ಆ್ಯಪ್‌ಗೆ ಹಾಕುವಾಗ ಮತ್ತೆ ಅದೇ ಗುಂಡಿಗೆ ಬೀಳಬೇಡಿ. 30 ಗ್ರಾಂ ಒಣಕಾಳು ಮೊಳಕೆಯಾದಾಗ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತೆ, ಪ್ರೋಟೀನ್ ಅದೇ ಆರೂವರೆ ಗ್ರಾಂ. ನೆನೆಹಾಕುವ ಮುಂಚೆ ತೂಗಿ ಬರೆದಿಟ್ಟುಬಿಡಿ.